ಸ್ಮಾರ್ಟ್ ಬೋರ್ಡ್ ಬೇಕೋ, ಓದು ಕಲಿಸುವವರು ಬೇಕೋ? ನಮ್ಮೂರ ಶಾಲೆಯ ನಾಲ್ಕು ಲಕ್ಷ ರೂಪಾಯಿಯ ಪ್ರಶ್ನೆ

ಹಳೆಯ ವಿದ್ಯಾರ್ಥಿ, ಮದ್ದೂರು ತಾಲ್ಲೂಕು:

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಾಗಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಾಲ್ಕು ಲಕ್ಷ ರೂಪಾಯಿ ಕೂಡಿಸಿದ್ದೇವೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೀರ್ಮಾನವಾಗಲಿದೆ. ಎರಡು ಕೊಠಡಿಗಳಿಗೆ ಸ್ಮಾರ್ಟ್ ಬೋರ್ಡ್ ಹಾಕಿಸಿ, ಮಿಕ್ಕ ಹಣದಲ್ಲಿ ಯುಪಿಎಸ್ ಕೊಂಡು ಗೋಡೆಗಳಿಗೆ ಬಣ್ಣ ಹೊಡೆಸೋಣ ಎಂಬುದು ಹೆಚ್ಚಿನವರ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಊರಿನಲ್ಲೇ ಡಿ.ಇಡಿ. ಎಂಬ ಶಿಕ್ಷಕ ತರಬೇತಿ ಮುಗಿಸಿ ಮನೆಯಲ್ಲಿರುವ ಇಬ್ಬರು ಯುವತಿಯರಿಗೆ ಗೌರವಧನ ಕೊಟ್ಟು, ಮೂರರಿಂದ ಏಳನೇ ತರಗತಿಯವರೆಗಿನ ಮಕ್ಕಳನ್ನು ತರಗತಿ ನೋಡದೆ ಓದಿನ ಮಟ್ಟ ನೋಡಿ ಗುಂಪು ಮಾಡಿ, ದಿನಕ್ಕೊಂದು ಗಂಟೆ ಓದು, ಬರಹ, ಲೆಕ್ಕ ಕಲಿಸಬೇಕೆಂಬುದು ನನ್ನ ವಾದ.

ಕಾರಣ ಹೇಳುತ್ತೇನೆ. ಈಚೆಗೆ ಶಾಲೆಗೆ ಹೋಗಿದ್ದಾಗ ಆರನೇ ತರಗತಿಯ ಹುಡುಗನೊಬ್ಬ 52ರಲ್ಲಿ 37 ಕಳೆದು 25 ಎಂದು ಬರೆದ. ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲವೆಂದು ಅವನು ಏಳರಿಂದಲೇ ಎರಡನ್ನು ಕಳೆದಿದ್ದ. ಹತ್ತರ ಮನೆಯಿಂದ ಒಂದನ್ನು ತರುವುದು ಅವನಿಗೆ ಇನ್ನೂ ಮನದಟ್ಟಾಗಿರಲಿಲ್ಲ. ಅದೇ ಹೊತ್ತಿಗೆ ಅವನ ಎದುರಿನ ಕಪ್ಪುಹಲಗೆಯ ಮೇಲೆ ಭಿನ್ನರಾಶಿಗಳ ಸಂಕಲನ ನಡೆಯುತ್ತಿತ್ತು. ಇದು ಒಂದು ಊರಿನ ಕಥೆಯಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಎಂಬ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯಲ್ಲಿರುವ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 44.8 ಮಾತ್ರ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಸ್ಥಳೀಯ ಯುವತಿಯರಿಂದ, ಅಂದರೆ ‘ಬಾಲಸಖಿ’ಯರಿಂದ, ಪಾಠ ಹೇಳಿಸಿದಾಗ ಅಂಕಗಳು 0.28 ಮಾನಕ ವಿಚಲನೆಯಷ್ಟು (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಏರಿದವು. ನಾನು ಕೇಳುತ್ತಿರುವುದು ಇದರ ಚಿಕ್ಕ ರೂಪವನ್ನು ಮಾತ್ರ.

ಇಂಜಿನಿಯರ್, ಕುವೆಂಪುನಗರ:

ನೀವು ಉಲ್ಲೇಖಿಸಿದ 2007ರ ಲೇಖನದ ಇನ್ನರ್ಧವನ್ನು ಏಕೆ ಬಿಟ್ಟಿರಿ? ವಡೋದರಾದಲ್ಲಿ ಅದೇ ತಂಡ ನಾಲ್ಕನೇ ತರಗತಿಯ ಮಕ್ಕಳನ್ನು ವಾರಕ್ಕೆ ಎರಡೇ ಗಂಟೆ ಕಂಪ್ಯೂಟರಿನ ಮುಂದೆ ಕೂರಿಸಿ ಗಣಿತದ ಆಟಗಳನ್ನು ಆಡಿಸಿತು. ಗಣಿತದಲ್ಲಿ ಆದ ಏರಿಕೆ 0.47 ಮಾನಕ ವಿಚಲನೆ. ಬಾಲಸಖಿಯರ 0.28ಕ್ಕಿಂತ ಇದು ಎಷ್ಟು ಹೆಚ್ಚು ಎಂಬುದನ್ನು ಓದುಗರೇ ನೋಡಲಿ. ಇನ್ನು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯಲ್ಲಿ 619 ಮಕ್ಕಳ ಮೇಲೆ, ಚೀಟಿ ಎತ್ತಿ ಆಯ್ಕೆ ಮಾಡಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವು ಪ್ರತಿ ಮಗುವಿನ ಉತ್ತರವನ್ನು ನೋಡಿಕೊಂಡು ಮುಂದಿನ ಪ್ರಶ್ನೆಯನ್ನು ಅದರ ಮಟ್ಟಕ್ಕೆ ತಕ್ಕಂತೆ ಕೊಡುತ್ತದೆ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಲಾಭವಾಯಿತು. ನಿಮ್ಮ ಆರನೇ ತರಗತಿಯ ಹುಡುಗ ಎಲ್ಲಿ ತಪ್ಪುತ್ತಿದ್ದಾನೆಂಬುದನ್ನು ಯಂತ್ರ ಕೆಲವೇ ಪ್ರಶ್ನೆಗಳಲ್ಲಿ ಪತ್ತೆ ಮಾಡುತ್ತದೆ. ಮೂವತ್ತು ಮಕ್ಕಳ ನಡುವೆ ನಿಂತ ಮನುಷ್ಯನಿಂದ ಅದು ಆಗದ ಕೆಲಸ.

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ:

ಮೈಂಡ್‌ಸ್ಪಾರ್ಕ್ ಸ್ಮಾರ್ಟ್ ಬೋರ್ಡ್ ಅಲ್ಲ. ಚರ್ಚೆ ನಡೆಯುತ್ತಿರುವುದು ಸ್ಮಾರ್ಟ್ ಬೋರ್ಡ್ ಕುರಿತು. ಗೋಡೆಗೆ ನೇತುಹಾಕಿದ ಒಂದು ಪರದೆ ಮೂವತ್ತು ಮಕ್ಕಳಿಗೂ ಒಂದೇ ಪಾಠವನ್ನು ಒಂದೇ ವೇಗದಲ್ಲಿ ತೋರಿಸುತ್ತದೆ. ಅಂದರೆ ಕಪ್ಪುಹಲಗೆಯ ದೋಷವೇನಿದೆಯೋ ಅದನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ದೆಹಲಿಯ ಅಧ್ಯಯನವನ್ನು ಸರಿಯಾಗಿ ಓದಿದರೆ, ಮಕ್ಕಳು ಶಾಲೆ ಬಿಟ್ಟ ಮೇಲೆ ಕೇಂದ್ರಕ್ಕೆ ಹೋಗಿ ತೊಂಬತ್ತು ನಿಮಿಷ ಕಳೆಯುತ್ತಿದ್ದರು, ಅದರಲ್ಲಿ ಅರ್ಧ ಹೊತ್ತು ಮಾತ್ರ ತಂತ್ರಾಂಶ, ಉಳಿದರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರ ಪಾಠ ಎಂಬುದು ತಿಳಿಯುತ್ತದೆ. ಲಾಭವನ್ನೆಲ್ಲ ಯಂತ್ರದ ಖಾತೆಗೆ ಬರೆಯುವುದು ನ್ಯಾಯವಲ್ಲ.

ವಡೋದರಾದ 0.47 ಕೂಡ ಕಾರ್ಯಕ್ರಮ ಮುಗಿದ ಒಂದು ವರ್ಷಕ್ಕೆ ಬಹುಮಟ್ಟಿಗೆ ಕರಗಿತ್ತು. ಗುಜರಾತಿನಲ್ಲೇ ಲೀ ಲಿಂಡೆನ್ 2008ರಲ್ಲಿ ಇನ್ನೊಂದು ಅಧ್ಯಯನ ಮಾಡಿದರು. ಶಾಲೆಯ ಪಾಠದ ಸಮಯವನ್ನು ಕಿತ್ತುಕೊಂಡು ಕಂಪ್ಯೂಟರ್ ಕಲಿಕೆ ನಡೆಸಿದಲ್ಲಿ ಮಕ್ಕಳ ಗಣಿತ 0.57 ಮಾನಕ ವಿಚಲನೆಯಷ್ಟು ಕುಸಿಯಿತು. ಪೆರುವಿನಲ್ಲಿ 319 ಗ್ರಾಮೀಣ ಶಾಲೆಗಳನ್ನು ಆಧರಿಸಿ 2012ರಲ್ಲಿ ಬಂದ ವರದಿಯ ಪ್ರಕಾರ, ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟರೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಇಂಜಿನಿಯರ್, ಕುವೆಂಪುನಗರ:

ಗುಜರಾತಿನ ಅದೇ ಅಧ್ಯಯನದಲ್ಲಿ, ಶಾಲಾ ಅವಧಿಯ ಹೊರಗೆ ಕಂಪ್ಯೂಟರ್ ಬಳಸಿದ ಮಕ್ಕಳು 0.28ರಷ್ಟು ಮುಂದೆ ಹೋದರೆಂಬುದನ್ನೂ ಬರೆಯಬೇಕಿತ್ತು. ಕುಸಿದ ಅಂಕಿಯನ್ನು ಮಾತ್ರ ಎತ್ತಿಕೊಂಡು ಬರುವುದು ಸಂಶೋಧಕರಾದವರಿಗೆ ಒಪ್ಪುವುದಿಲ್ಲ.

ಎಸ್‌ಡಿಎಂಸಿ ಸದಸ್ಯೆ, ಮಳವಳ್ಳಿ:

ನೀವೆಲ್ಲ ದೆಹಲಿ, ಗುಜರಾತ್, ಪೆರು ಎಂದು ಸುತ್ತುತ್ತಿದ್ದೀರಿ. ನಾನು ನಮ್ಮೂರಿನ ಮಾತು ಹೇಳುತ್ತೇನೆ. ಬೆಳಿಗ್ಗೆ ಎಂಟು ಗಂಟೆಗೆ ಕಾನ್ವೆಂಟಿನ ಹಳದಿ ಬಸ್ಸು ನಮ್ಮ ಅರಳಿಕಟ್ಟೆಯ ಮುಂದೆ ನಿಲ್ಲುತ್ತದೆ. ಅದಕ್ಕೆ ಹತ್ತುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ತಂದೆತಾಯಿಗಳು ಕೂಲಿ ಮಾಡುವವರು, ಸಂಘದಲ್ಲಿ ಸಾಲ ಎತ್ತಿ ಶುಲ್ಕ ಕಟ್ಟುವವರು. ಸರ್ಕಾರಿ ಶಾಲೆಯಲ್ಲಿ ಏನಿದೆ ಎಂದು ಅವರು ಕೇಳಿದಾಗ ತೋರಿಸಲು ಒಂದು ವಸ್ತು ಬೇಕು. ಸ್ಮಾರ್ಟ್ ಬೋರ್ಡ್ ಹಾಕಿದ ಪಕ್ಕದ ಊರಿನ ಶಾಲೆಗೆ ಈ ವರ್ಷ ಹೊಸ ದಾಖಲಾತಿ ಬಂದಿದೆ. ಮಕ್ಕಳೇ ಇಲ್ಲದ ಶಾಲೆಯನ್ನು ಇನ್ನೊಂದು ಶಾಲೆಗೆ ಸೇರಿಸಿಬಿಟ್ಟರೆ ನೀವು ಯಾರನ್ನು ಗುಂಪು ಮಾಡಿ ಕೂರಿಸುತ್ತೀರಿ? ಮೊದಲು ಶಾಲೆ ಉಳಿಯಲಿ, ಆಮೇಲೆ ಸಂಶೋಧನೆ.

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ:

ಕಾನ್ವೆಂಟಿಗೆ ಹೋದರೆ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಯನ್ನೇ ನಾವು ಪ್ರಶ್ನಿಸಬೇಕು. ಅವಿಭಜಿತ ಆಂಧ್ರಪ್ರದೇಶದಲ್ಲಿ ಚೀಟಿ ಎತ್ತಿ ಬಡ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಕಳುಹಿಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳ ಬಳಿಕವೂ ತೆಲುಗು ಮತ್ತು ಗಣಿತದಲ್ಲಿ ಆ ಮಕ್ಕಳು ಸರ್ಕಾರಿ ಶಾಲೆಯ ಮಕ್ಕಳಿಗಿಂತ ಮುಂದೆ ಇರಲಿಲ್ಲ.

ಇಂಜಿನಿಯರ್, ಕುವೆಂಪುನಗರ:

ಅದೇ ಫಲಿತಾಂಶವನ್ನು ಖಾಸಗಿ ಶಾಲೆಗಳು ಸರ್ಕಾರ ಮಾಡುವ ಖರ್ಚಿನ ಮೂರನೇ ಒಂದು ಭಾಗಕ್ಕೂ ಕಡಿಮೆ ಹಣದಲ್ಲಿ ಸಾಧಿಸಿದವು ಎಂದು ಆ ಪ್ರಬಂಧವೇ ಹೇಳುತ್ತದೆ. ಹಿಂದಿಯಲ್ಲಿ ಆ ಮಕ್ಕಳು ಮುಂದಿದ್ದರು ಎಂದೂ ಹೇಳುತ್ತದೆ. ನೀವು ಮತ್ತೊಮ್ಮೆ ಅರ್ಧವನ್ನೇ ಓದಿಸಿದ್ದೀರಿ.

ಗಣಿತ ಶಿಕ್ಷಕಿ, ಪಾಂಡವಪುರ:

‘ದಿನಕ್ಕೊಂದು ಗಂಟೆ’ ಎಂದು ಬರೆಯುವುದು ಬಹಳ ಸುಲಭ. ಆ ಗಂಟೆ ಎಲ್ಲಿಂದ ಬರಬೇಕೆಂದು ಯಾರಾದರೂ ಹೇಳುತ್ತೀರಾ? ಬೆಳಿಗ್ಗೆ ಹಾಜರಾತಿಯನ್ನು ಆನ್‌ಲೈನಿನಲ್ಲಿ ತುಂಬಬೇಕು, ಹಾಲು, ಬಿಸಿಯೂಟ, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ ಬರೆಯಬೇಕು, ಮತದಾರರ ಪಟ್ಟಿಯ ಕೆಲಸ ಬಂದರೆ ಮನೆಮನೆ ತಿರುಗಬೇಕು. ಪಠ್ಯ ಮುಗಿದಿಲ್ಲವೆಂದರೆ ಕಾರಣ ಕೇಳಿ ನೋಟಿಸ್ ಬರುವುದು ನನಗೆ, ಹಳೆಯ ವಿದ್ಯಾರ್ಥಿಗಳ ಸಂಘಕ್ಕಲ್ಲ. ನಮ್ಮ ಭಾಗದಲ್ಲಿ ಆಲೆಮನೆ ಶುರುವಾದ ಮೇಲೆ ಉತ್ತರ ಭಾರತದಿಂದ ಬಂದ ಕೆಲಸಗಾರರ ಮಕ್ಕಳು ನಡುವರ್ಷದಲ್ಲಿ ಸೇರುತ್ತಾರೆ. ಅವರಿಗೆ ಕನ್ನಡವೇ ಬಾರದು. ಅವರನ್ನೂ ಸೇರಿಸಿಕೊಂಡು ಒಂದೇ ಕೋಣೆಯಲ್ಲಿ ಎಷ್ಟು ಮಟ್ಟಗಳಿವೆಯೆಂದು ಬಂದು ಎಣಿಸಿ ನೋಡಿ.

ಇನ್ನು, ಮಕ್ಕಳನ್ನು ಮಟ್ಟದ ಪ್ರಕಾರ ಗುಂಪು ಮಾಡುವುದು ಹೊಸ ವಿಚಾರವೇನೂ ಅಲ್ಲ. ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಕಾರ್ಡು, ಹಾಡುಗಳಿಂದ ಕಲಿಸುವ ನಲಿ-ಕಲಿಯಲ್ಲಿ ಅದನ್ನು ವರ್ಷಗಟ್ಟಲೆ ಮಾಡಿ ಸೋತಿದ್ದೇವೆ.

ನಿವೃತ್ತ ಮುಖ್ಯಶಿಕ್ಷಕ, ಎಚ್.ಡಿ. ಕೋಟೆ:

‘ಸೋತಿದ್ದೇವೆ’ ಎಂಬ ಮಾತನ್ನು ಓದಿಕೊಂಡು ಸುಮ್ಮನೆ ಕೂರುವುದು ನನ್ನಿಂದಾಗದು. ಮೇಡಂ, ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಯುನಿಸೆಫ್ ನೆರವಿನಿಂದ ಇಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಹಲವು ತರಗತಿಗಳ ಮಕ್ಕಳಿಗೆ ಕಲಿಸುವ ಬಗೆಯನ್ನು ನೋಡಿ ಬಂದು, ಕನ್ನಡಕ್ಕೆ ಒಗ್ಗುವ ಹಾಗೆ ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ಬರೆದರು. ನಾನು ಅವರ ಜೊತೆ ನೆಲದ ಮೇಲೆ ಕುಳಿತು ಕಾರ್ಡು ಕತ್ತರಿಸಿದವನು.

ಅದು ಏಕೆ ಬೇಕಾಯಿತೆಂದು ಕೇಳಿ. ಹಾಡಿಯ, ಅಂದರೆ ಕಾಡಂಚಿನ ಗಿರಿಜನರ ಊರಿನ, ಜೇನು ಕುರುಬ, ಬೆಟ್ಟ ಕುರುಬ ಮಕ್ಕಳು ಕಾಫಿ ಕೊಯ್ಲಿನ ಕಾಲಕ್ಕೆ ಅಪ್ಪ ಅಮ್ಮನ ಜೊತೆ ಕೊಡಗಿನ ತೋಟಗಳಿಗೆ ಹೋಗಿ ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಮರಳಿ ಬರುವ ಹೊತ್ತಿಗೆ ಪಾಠ ಎಷ್ಟೋ ಪುಟ ಮುಂದೆ ಹೋಗಿರುತ್ತಿತ್ತು, ಮಗು ಹಿಂದಿನ ಬೆಂಚಿನಲ್ಲಿ ಮೂಗನಾಗಿ ಕೂರುತ್ತಿತ್ತು, ಮರುವರ್ಷ ಶಾಲೆಯನ್ನೇ ಬಿಡುತ್ತಿತ್ತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿ ಬಂದ ಮೇಲೆ ಮಗು ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತತೊಡಗಿತು. ಅಕ್ಷರ ಕಲಿಸುವಾಗ ಅ, ಆ, ಇ, ಈ ಎಂಬ ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂದು ಆರಂಭಿಸಿದೆವು. ಆ ಐದು ಅಕ್ಷರ ಬಂದೊಡನೆ ಮಗು ‘ಸರ’, ‘ಅರಸ’, ‘ಗರಗಸ’, ‘ದಸರ’ ಎಂದು ಓದಿಬಿಡುತ್ತದೆ. ಇಳಿ, ಗುಡಿಸು, ಕೊಂಬು ಎಲ್ಲ ಕಲಿಯುವ ಮೊದಲೇ ತಾನು ಓದಬಲ್ಲೆನೆಂಬ ಧೈರ್ಯ ಅದಕ್ಕೆ ಬರುತ್ತದೆ. ಇದನ್ನು ಸೋಲೆಂದು ಕರೆಯುವವರು ಒಮ್ಮೆ ಹಾಡಿಯ ಶಾಲೆಯಲ್ಲಿ ಕಲಿಸಿ ಬರಲಿ.

ಗಣಿತ ಶಿಕ್ಷಕಿ, ಪಾಂಡವಪುರ:

ಮೇಷ್ಟ್ರೇ, ‘ತಾವೇ ಬರೆದರು’ ಎಂದಿರಲ್ಲ, ನಾನು ಹೇಳಬೇಕಾದದ್ದೂ ಅದೇ. ನೀವು ಬರೆದಿರಿ, ನಾವು ಬರೆಯಲಿಲ್ಲ. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಆದೇಶವಾಗಿ ಬಂತು. ಕೆಲವು ದಿನದ ತರಬೇತಿ ಕೊಟ್ಟು, ಒಂದು ಪೆಟ್ಟಿಗೆ ಕಾರ್ಡು ಕೈಗಿಟ್ಟು ನಮ್ಮನ್ನು ಕಳುಹಿಸಿದರು. ಎರಡನೇ ವರ್ಷಕ್ಕೆ ಕಾರ್ಡುಗಳು ಹರಿದವು, ಹೊಸ ಕಾರ್ಡು ಬರಲಿಲ್ಲ. ತಪಾಸಣೆಗೆ ಬಂದವರು ಮಕ್ಕಳ ಕಲಿಕೆ ಗುರುತಿಸುವ ಪ್ರಗತಿ ನೋಟ ತುಂಬಿದೆಯೇ, ಮಕ್ಕಳ ಚಿತ್ರ, ಬರಹ ತೂಗುಹಾಕುವ ಚಪ್ಪರ ಕಟ್ಟಿದೆಯೇ, ಮಕ್ಕಳು ಗುಂಪಿನ ಗುರುತಿನ ತಟ್ಟೆಗಳ ಸುತ್ತ ಕುಳಿತಿದ್ದಾರೆಯೇ ಎಂದು ನೋಡಿದರೇ ಹೊರತು, ಮಗುವಿನ ಕೈಗೆ ಒಂದು ಕಾರ್ಡು ಕೊಟ್ಟು ಓದಿಸಿ ನೋಡಲಿಲ್ಲ. ನಿಮ್ಮ ತಾಲ್ಲೂಕಿನ ಗೆಲುವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ನನ್ನ ಕೋಣೆಗೆ ಬಂದದ್ದು ಅದಲ್ಲ, ಅದರ ನಮೂನೆ ಪತ್ರ.

ನಿವೃತ್ತ ಮುಖ್ಯಶಿಕ್ಷಕ, ಎಚ್.ಡಿ. ಕೋಟೆ:

ಕಾರ್ಡು ಹರಿದರೆ ರಟ್ಟು ತಂದು ಬರೆದುಕೊಳ್ಳಬೇಕಿತ್ತು. ನಾವು ಬೆಂಕಿಪೊಟ್ಟಣ, ಹುಣಸೆಬೀಜ, ಹಳೆಯ ಲಗ್ನಪತ್ರಿಕೆಗಳಲ್ಲಿ ಕಲಿಸಿದೆವು. ಇಲಾಖೆ ಕೊಡಲಿಲ್ಲವೆಂದು ಕೈಕಟ್ಟಿ ಕುಳಿತದ್ದಕ್ಕೆ ಪದ್ಧತಿಯನ್ನು ದೂರಬೇಡಿ.

ಗಣಿತ ಶಿಕ್ಷಕಿ, ಪಾಂಡವಪುರ:

ಕೈಕಟ್ಟಿ ಕುಳಿತೆವೆಂದು ಹೇಳಲು ನಿಮಗೆ ಯಾವ ಹಕ್ಕಿದೆ? ಮೂರು ತರಗತಿಯ ಮಕ್ಕಳನ್ನು ಒಬ್ಬಳೇ ನೋಡಿಕೊಂಡು, ರಾತ್ರಿ ಮನೆಯಲ್ಲಿ ಕುಳಿತು ಸ್ಕೆಚ್ ಪೆನ್ನಿನಲ್ಲಿ ಕಾರ್ಡು ಬರೆದವಳು ನಾನು. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಎಸ್‌ಡಿಎಂಸಿ ಸದಸ್ಯೆ, ಮಳವಳ್ಳಿ:

ನನ್ನ ಮಗ ನಲಿ-ಕಲಿಯಲ್ಲೇ ಓದಿದವನು, ಆದ್ದರಿಂದ ಪೋಷಕರ ಕಷ್ಟವನ್ನೂ ಒಂದಿಷ್ಟು ಕೇಳಿ. ಪಠ್ಯಪುಸ್ತಕ ಇರಲಿಲ್ಲ. ಸಂಜೆ ಏನು ಓದಿಸಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಇವತ್ತು ಏನು ಕಲಿತೆ ಎಂದರೆ ಕಾರ್ಡಿನ ಮೇಲಿನ ಚಿತ್ರದ ಹೆಸರು ಹೇಳುತ್ತಿದ್ದ. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ ಇದ್ದುದನ್ನು ಕಂಡು, ಮೇಷ್ಟ್ರು ಸಾಲದೆ ಹೀಗೆ ತುಂಬಿದ್ದಾರೆಂದೇ ಊರಿನವರು ತಿಳಿದರು. ಎಷ್ಟೋ ಮಂದಿ ಮಕ್ಕಳನ್ನು ಬಿಡಿಸಿಕೊಂಡು ಹೋದದ್ದು ಆ ವರ್ಷಗಳಲ್ಲೇ. ನಾಲ್ಕನೇ ತರಗತಿಗೆ ಬಂದು ಒಮ್ಮೆಲೇ ದಪ್ಪ ಪುಸ್ತಕ ಕೈಗೆ ಬಂದಾಗ ನನ್ನ ಮಗ ಕಕ್ಕಾಬಿಕ್ಕಿಯಾದ. ನಲಿಯುವುದು ಸರಿ, ಕಲಿತದ್ದು ಮನೆಯವರಿಗೂ ಕಾಣಿಸಬೇಡವೇ?

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ:

ಇಲ್ಲಿ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ. ನಲಿ-ಕಲಿ ಎಂಬುದು ಮೊದಲ ಮೂರು ತರಗತಿಗಳಲ್ಲಿ ಮಗು ತನ್ನ ವೇಗದಲ್ಲಿ ಏಣಿ ಹತ್ತುವ ಪೂರ್ಣಾವಧಿಯ ಪದ್ಧತಿ. ಮೂಲ ಲೇಖನದಲ್ಲಿ ಪ್ರಸ್ತಾಪಿಸಿದ್ದು ಹಿಂದುಳಿದ ಮಕ್ಕಳಿಗೆ ದಿನದ ಒಂದು ಭಾಗದಲ್ಲಿ, ಅಲ್ಪಾವಧಿಗೆ, ಮಟ್ಟಕ್ಕೆ ತಕ್ಕ ಪಾಠ. ಎರಡೂ ಒಂದೇ ಅಲ್ಲ. ಎರಡನೆಯದಕ್ಕೆ ಪುರಾವೆ ಬಲವಾಗಿದೆ. ಉತ್ತರಪ್ರದೇಶದಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯವರು ಶಾಲೆಯೊಳಗೇ ಐವತ್ತು ದಿನಗಳ ಕಲಿಕಾ ಶಿಬಿರ ನಡೆಸಿದಾಗ 0.6ರಿಂದ 0.7 ಮಾನಕ ವಿಚಲನೆಯಷ್ಟು ಏರಿಕೆ ಕಂಡುಬಂತು. ಪ್ರಾಥಮಿಕ ಶಾಲೆಯ ಸಂಶೋಧನೆಯಲ್ಲಿ ಇಷ್ಟು ದೊಡ್ಡ ಸಂಖ್ಯೆ ಅಪರೂಪ.

ಶಿಕ್ಷಕಿಯವರು ಹೇಳಿದ ‘ಆದೇಶವಾಗಿ ಬಂತು’ ಎಂಬುದು ಮಾತ್ರ ಬಹಳ ಮುಖ್ಯವಾದ ವಿಚಾರ. ಕೆನ್ಯಾದಲ್ಲಿ ಗುತ್ತಿಗೆ ಶಿಕ್ಷಕರನ್ನು ಸ್ವಯಂಸೇವಾ ಸಂಸ್ಥೆ ನೇಮಿಸಿದ ಶಾಲೆಗಳಲ್ಲಿ ಅಂಕಗಳು ಏರಿದವು, ಅದೇ ಕಾರ್ಯಕ್ರಮವನ್ನು ಸರ್ಕಾರವೇ ನಡೆಸಿದ ಶಾಲೆಗಳಲ್ಲಿ ಯಾವ ಲಾಭವೂ ಆಗಲಿಲ್ಲ.

ನಿವೃತ್ತ ಮುಖ್ಯಶಿಕ್ಷಕ, ಎಚ್.ಡಿ. ಕೋಟೆ:

‘ಎರಡೂ ಒಂದೇ ಅಲ್ಲ’ ಎನ್ನುವುದು ಪುಸ್ತಕದ ಮಾತು. ಮಗು ನಿಂತಿರುವ ಜಾಗದಿಂದ ಪಾಠ ಆರಂಭಿಸಬೇಕೆಂಬ ತತ್ವ ಎರಡರಲ್ಲೂ ಒಂದೇ. ಬ್ಯಾನರ್ಜಿ, ಡುಫ್ಲೊ ಅವರಿಗೆ ನೊಬೆಲ್ ಬಂದದ್ದು 2019ರಲ್ಲಿ, ಕೋಟೆಯ ಶಿಕ್ಷಕರು ಅದನ್ನು ಮಾಡಿ ತೋರಿಸಿದ್ದು ತೊಂಬತ್ತರ ದಶಕದಲ್ಲಿ. ಹೊರಗಿನವರು ಅಳೆದು ಬರೆದರೆ ಸಂಶೋಧನೆ, ನಮ್ಮ ಶಿಕ್ಷಕರು ಮಾಡಿದರೆ ಬರೀ ಅನುಭವವೇ? ನಲಿ-ಕಲಿಯನ್ನು ನಾಲ್ಕು ಮತ್ತು ಐದನೇ ತರಗತಿಗೆ ಮುಂದುವರಿಸಿದ್ದರೆ ಈ ತಾಯಿಯ ಮಗ ದಪ್ಪ ಪುಸ್ತಕ ಕಂಡು ಕಂಗೆಡುತ್ತಿರಲಿಲ್ಲ.

ಇಂಜಿನಿಯರ್, ಕುವೆಂಪುನಗರ:

ಇಲ್ಲಿಯವರೆಗಿನ ಚರ್ಚೆಯಲ್ಲಿ ಅತ್ಯಂತ ಉಪಯುಕ್ತವಾದ ಮಾತು ‘ಕಾರ್ಡುಗಳು ಹರಿದವು’ ಎಂಬುದು. ತಂತ್ರಾಂಶದಲ್ಲಿ ಕಾರ್ಡು ಹರಿಯುವುದಿಲ್ಲ, ಪ್ರಗತಿ ನೋಟವನ್ನು ಶಿಕ್ಷಕಿ ಕೈಯಲ್ಲಿ ತುಂಬಬೇಕಾಗಿಲ್ಲ, ಕೊಡಗಿನಿಂದ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಪಾಠ ತೆರೆಯುತ್ತದೆ. ನೀವು ಏಣಿ ಎಂದು ಕರೆಯುತ್ತಿರುವುದನ್ನೇ ನಾನು ತಂತ್ರಜ್ಞಾನದಲ್ಲಿ ಕೇಳುತ್ತಿದ್ದೇನೆ. ನಾಲ್ಕು ಲಕ್ಷಕ್ಕೆ ಸ್ಮಾರ್ಟ್ ಬೋರ್ಡಿನ ಬದಲು ಟ್ಯಾಬ್‌ಗಳನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಅಸರ್ 2024ರ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಾಧನವನ್ನು ಬಳಸಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ:

ಅದೇ ಸಮೀಕ್ಷೆಯ ಮುಂದಿನ ಸಾಲಿನಲ್ಲಿ, ಫೋನ್ ಬಳಸಲು ಬರುವ ಆ ವಯಸ್ಸಿನವರಲ್ಲಿ ಹಿಂದಿನ ವಾರ ಫೋನನ್ನು ಓದಿನ ಕೆಲಸಕ್ಕೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76 ಎಂದಿದೆ.

ಗಣಿತ ಶಿಕ್ಷಕಿ, ಪಾಂಡವಪುರ:

ಇಂಜಿನಿಯರ್ ಸರ್, ಟ್ಯಾಬ್‌ಗಳನ್ನು ಚಾರ್ಜ್ ಮಾಡುವವರು ಯಾರು, ಬೀರುವಿನಲ್ಲಿಟ್ಟು ಬೀಗ ಹಾಕುವವರು ಯಾರು, ಒಂದು ಕಳೆದುಹೋದರೆ ಸಂಬಳದಿಂದ ಕಟ್ಟಿಕೊಡುವವರು ಯಾರು? ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಯ ಯುಪಿಎಸ್ ಬ್ಯಾಟರಿ ಸತ್ತ ಮೇಲೆ ಅದನ್ನು ಬದಲಿಸಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣವಿರಲಿಲ್ಲ. ಆ ಕೊಠಡಿ ಕೊನೆಗೆ ಅಕ್ಕಿಮೂಟೆ ಇಡುವ ಕೋಣೆಯಾಯಿತು. ಯಂತ್ರ ಕೊಡುವವರು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಬ್ಯಾಟರಿ ಕೊಡುವವರು ಯಾರೂ ಬರುವುದಿಲ್ಲ.

ಹಳೆಯ ವಿದ್ಯಾರ್ಥಿ, ಮದ್ದೂರು ತಾಲ್ಲೂಕು:

ಶಿಕ್ಷಕಿಯವರ ಮಾತಿಗೆ ನಮ್ಮ ರಾಜ್ಯದ್ದೇ ಸಾಕ್ಷಿ ಸೇರಿಸುತ್ತೇನೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ತನ್ನ ಆರಂಭದ ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕೆಗೆ ಅಪಾರ ಶ್ರಮ ಹಾಕಿತ್ತು. ಆ ಅನುಭವದ ಆಧಾರದ ಮೇಲೆಯೇ ಪ್ರತಿಷ್ಠಾನದ ಅನುರಾಗ್ ಬೆಹರ್ ಅವರು 2010ರಲ್ಲಿ ಪತ್ರಿಕೆಯಲ್ಲಿ ಬರೆದು, ಶಿಕ್ಷಣದ ಮೂಲ ಸಮಸ್ಯೆಗಳಿಗೆ ಕಂಪ್ಯೂಟರ್ ಪರಿಹಾರವಲ್ಲವೆಂದು ವಾದಿಸಿದರು. ತಂತ್ರಜ್ಞಾನದಿಂದಲೇ ಹಣ ಗಳಿಸಿದವರು ಕಟ್ಟಿದ ಸಂಸ್ಥೆ ಈ ನಿಲುವಿಗೆ ಬಂದಿದೆ ಎಂಬುದನ್ನು ಗಮನಿಸಬೇಕು.

ದಯವಿಟ್ಟು ನಲಿ-ಕಲಿಯ ವಿಚಾರವನ್ನು ಇಲ್ಲಿಗೆ ಬಿಟ್ಟು ನಾಲ್ಕು ಲಕ್ಷದ ಮಾತಿಗೆ ಬನ್ನಿ.

ಇಂಜಿನಿಯರ್, ಕುವೆಂಪುನಗರ:

2010ರ ಅಭಿಪ್ರಾಯವನ್ನು ಮುಂದಿಟ್ಟು ಇಂದಿನ ತಂತ್ರಾಂಶವನ್ನು ತಳ್ಳಿಹಾಕುವುದು ಸರಿಯಲ್ಲ. ಆಗಿನ ಕಂಪ್ಯೂಟರ್ ಪಾಠಗಳು ಎಲ್ಲ ಮಕ್ಕಳಿಗೂ ಒಂದೇ ಸಿ.ಡಿ. ತೋರಿಸುತ್ತಿದ್ದವು. ದೆಹಲಿಯ ಫಲಿತಾಂಶ ಬಂದದ್ದು ಆಮೇಲೆ.

ನಿವೃತ್ತ ಮುಖ್ಯಶಿಕ್ಷಕ, ಎಚ್.ಡಿ. ಕೋಟೆ:

ನಲಿ-ಕಲಿಯನ್ನು ಬಿಡಿ ಎನ್ನುತ್ತೀರಿ, ಆದರೆ ನಿಮ್ಮ ಇಡೀ ಯೋಜನೆ ನಿಂತಿರುವುದೇ ಅದರ ಮೇಲೆ. ಓದಿನ ಮಟ್ಟ ನೋಡಿ ಗುಂಪು ಮಾಡಲು ಆ ಇಬ್ಬರು ಯುವತಿಯರಿಗೆ ಯಾರು ಕಲಿಸುತ್ತಾರೆ? ‘ಅಕ್ಷರ ಬರುತ್ತದೆ, ಪದ ಬರುವುದಿಲ್ಲ’ ಎಂಬ ಮಗುವಿಗೂ ‘ಪದ ಬರುತ್ತದೆ, ಒತ್ತಕ್ಷರ ಬರುವುದಿಲ್ಲ’ ಎಂಬ ಮಗುವಿಗೂ ಇರುವ ಅಂತರ ಡಿ.ಇಡಿ. ಪ್ರಮಾಣಪತ್ರದಿಂದ ತಿಳಿಯುವುದಿಲ್ಲ. ಒಂದು ಮಗು ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದಿದರೆ ಅದಕ್ಕೆ ಕಣ್ಣಿಗೆ ಒತ್ತು ಕಾಣುತ್ತಿಲ್ಲವೋ, ಕಂಡರೂ ನಾಲಿಗೆಗೆ ಬರುತ್ತಿಲ್ಲವೋ ಎಂದು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡವರಿಗೇ ಗೊತ್ತಾಗುವುದು. ಅದನ್ನು ಹೇಳಿಕೊಡಬಲ್ಲ ನಿವೃತ್ತ ನಲಿ-ಕಲಿ ಶಿಕ್ಷಕರು ಮೈಸೂರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಕರೆದರೆ ಬರುತ್ತೇವೆ, ಹಣ ಬೇಡ.

ಗಣಿತ ಶಿಕ್ಷಕಿ, ಪಾಂಡವಪುರ:

ಶಾಲೆಯಲ್ಲಿ ಈಗಾಗಲೇ ಇರುವ ಶಿಕ್ಷಕರಿಗೆ ಅದು ತಿಳಿಯದು ಎಂಬ ಅರ್ಥ ನಿಮ್ಮ ಮಾತಿನಲ್ಲಿದೆ. ನಮಗೆ ತಿಳಿದಿದೆ. ಹೊತ್ತಿಲ್ಲ.

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ:

ಹೊತ್ತಿನ ಪ್ರಶ್ನೆಗೆ ಹರಿಯಾಣದಲ್ಲಿ ಒಂದು ಉತ್ತರ ಸಿಕ್ಕಿದೆ. ಅಲ್ಲಿ 2012-13ರಲ್ಲಿ ಶಾಲೆಯ ವೇಳಾಪಟ್ಟಿಗೇ ಒಂದು ಗಂಟೆ ಹೆಚ್ಚಿಸಿ, ಆ ಗಂಟೆಯಲ್ಲಿ ಸರ್ಕಾರಿ ಶಿಕ್ಷಕರೇ ಮಕ್ಕಳನ್ನು ಮಟ್ಟದ ಪ್ರಕಾರ ಕೂರಿಸಿ ಹಿಂದಿ ಕಲಿಸಿದರು. ಕ್ಲಸ್ಟರ್ ಮಟ್ಟದ ಅಧಿಕಾರಿಗಳು ತಪಾಸಣೆಗೆಂದು ಬರದೆ, ಪಾಠ ಮಾಡಿ ತೋರಿಸಿ ನೆರವಾಗಲು ಬಂದರು. ಏರಿಕೆ 0.15 ಮಾನಕ ವಿಚಲನೆ.

ಇಂಜಿನಿಯರ್, ಕುವೆಂಪುನಗರ:

0.6ರಿಂದ ಆರಂಭಿಸಿ 0.15ಕ್ಕೆ ಇಳಿದಿರಿ. ಸರ್ಕಾರಿ ಶಾಲೆಯ ನಿಜವಾದ ಪರಿಸ್ಥಿತಿಯಲ್ಲಿ ಸಿಗುವುದು ಅಷ್ಟೇ ಎಂದು ಈಗ ನೀವೇ ತೋರಿಸಿಕೊಟ್ಟಂತಾಯಿತು.

ಎಸ್‌ಡಿಎಂಸಿ ಸದಸ್ಯೆ, ಮಳವಳ್ಳಿ:

ಈ ಸೊನ್ನೆ ಬಿಂದುಗಳನ್ನು ನಾನು ಪೋಷಕರ ಸಭೆಯಲ್ಲಿ ಹೇಗೆ ಹೇಳಲಿ? ನನಗೆ ಅರ್ಥವಾಗಿರುವುದು ಇಷ್ಟು. ಬೋರ್ಡು ಬಂದರೆ ಪೋಷಕರು ಶಾಲೆಯ ಒಳಗೆ ಕಾಲಿಡುತ್ತಾರೆ. ಕಾಲಿಟ್ಟವರ ಮಗು ಆರು ತಿಂಗಳಾದರೂ ಓದದಿದ್ದರೆ ಮತ್ತೆ ಹೋಗುತ್ತಾರೆ. ಮದ್ದೂರಿನ ಅಣ್ಣನವರು ಎರಡು ಬೋರ್ಡುಗಳನ್ನು ಪೂರ್ತಿ ಕೈಬಿಡಿ ಎನ್ನುವುದು ಹಟವಾಯಿತು. ನಾನು ಅವರ ಜಾಗದಲ್ಲಿದ್ದರೆ ಒಂದು ಬೋರ್ಡನ್ನಾದರೂ ಹಾಕಿಸುತ್ತಿದ್ದೆ. ಪುಸ್ತಕ ಹಿಡಿದು ಓದುವ ಮಗು ಅರಳಿಕಟ್ಟೆಯ ಮೇಲಿಂದ ಕಾಣುವುದಿಲ್ಲ, ಬೋರ್ಡು ಕಾಣುತ್ತದೆ.

ಹಳೆಯ ವಿದ್ಯಾರ್ಥಿ, ಮದ್ದೂರು ತಾಲ್ಲೂಕು:

ಅಕ್ಕಾ, ಪುಸ್ತಕ ಹಿಡಿದು ಓದುವ ಮಗುವನ್ನು ಪೋಷಕರಿಗೆ ಕಾಣಿಸುವಂತೆ ಮಾಡುವುದು ಕಷ್ಟವಲ್ಲ. ತಿಂಗಳಿಗೊಮ್ಮೆ ಸಂಜೆ ಪೋಷಕರನ್ನು ಕರೆದು, ಪ್ರತಿ ಮಗುವಿನ ಕೈಗೂ ಅದರ ಮಟ್ಟದ ಒಂದು ಪುಟ ಕೊಟ್ಟು, ಅಪ್ಪ ಅಮ್ಮನ ಎದುರಿನಲ್ಲೇ ಓದಿಸೋಣ. ಅದಕ್ಕೆ ಬೋರ್ಡಿನ ಬೆಲೆ ತೆರಬೇಕಾಗಿಲ್ಲ.

ಸಭೆಗೆ ನನ್ನ ಪ್ರಸ್ತಾವ ಬದಲಾಗಿಲ್ಲ. ಇಬ್ಬರು ಯುವತಿಯರು, ಶಾಲೆ ಬಿಡುವ ಮುಂಚಿನ ಕೊನೆಯ ಗಂಟೆ, ಒಂದು ಶೈಕ್ಷಣಿಕ ವರ್ಷ. ಕೋಟೆಯ ಮೇಷ್ಟ್ರು ತರಬೇತಿ ಕೊಡಲು ಬರುವುದಾದರೆ ನಾನೇ ಹೋಗಿ ಕರೆತರುತ್ತೇನೆ. ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿ ಓದಿಸಿ, ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸಿ ಬರೆದಿಡೋಣ. ಏರಿಕೆ ಕಾಣದಿದ್ದರೆ ಮರುವರ್ಷ ಸಂಘದವರು ಬೋರ್ಡಿಗೆ ಹಣ ಕೂಡಿಸಲಿ, ಆಗ ನಾನು ಅಡ್ಡ ಬರುವುದಿಲ್ಲ.

ಇಂಜಿನಿಯರ್, ಕುವೆಂಪುನಗರ:

ಹೋಲಿಸಿ ನೋಡಲು ಇನ್ನೊಂದು ಶಾಲೆ ಇಲ್ಲದೆ ಆ ಏರಿಕೆಯನ್ನು ಯಾರಿಂದಾಯಿತೆಂದು ಹೇಳುತ್ತೀರಿ? ಒಂದು ವರ್ಷ ದೊಡ್ಡವರಾದ ಮಕ್ಕಳು ಹೇಗಿದ್ದರೂ ಒಂದಿಷ್ಟು ಕಲಿತಿರುತ್ತಾರೆ.

ಗಣಿತ ಶಿಕ್ಷಕಿ, ಪಾಂಡವಪುರ:

‘ಶಾಲೆ ಬಿಡುವ ಮುಂಚಿನ ಕೊನೆಯ ಗಂಟೆ’ ಎಂದು ಬರೆದಿದ್ದೀರಿ. ನಮ್ಮಲ್ಲಿ ಆ ಗಂಟೆಯಲ್ಲಿ ಆರು ಮತ್ತು ಏಳನೇ ತರಗತಿಗೆ ವಿಜ್ಞಾನ, ಸಮಾಜ ಪಾಠ ನಡೆಯುತ್ತದೆ, ನಿಮ್ಮ ಶಾಲೆಯಲ್ಲೂ ಹಾಗೆಯೇ ಇರುತ್ತದೆ. ಆ ಪಾಠಗಳನ್ನು ಯಾವಾಗ ಮಾಡಬೇಕೆಂದು ಮುಖ್ಯಶಿಕ್ಷಕರೊಡನೆ ಕುಳಿತು ವೇಳಾಪಟ್ಟಿ ಬರೆದುಕೊಂಡು ಸಭೆಗೆ ಹೋಗಿ.